ಅಜ್ಜನ ಎಡೆಗಿಟ್ಟ ಸ್ಕಾಚು

ಮಾವಿನಕುರ್ವೆ, ಹೊನ್ನಾವರ
18 ಆಗಸ್ಟ್ 2025

ಸುಚಿತಾ,

ಆಶೀರ್ವಾದ ಬರೆಯುವ ಜಾಗವನ್ನು ಸದ್ಯ ಖಾಲಿ ಬಿಟ್ಟಿದ್ದೇನೆ. ಕಾರಣ ಮುಂದೆ ಬರುತ್ತದೆ.

ನಮ್ಮ ಲಾರಿ ಗೋವೆಯಲ್ಲಿ ಮೀನು ಇಳಿಸಿ ನಿನ್ನೆ ವಾಪಸಾಯಿತು. ನಿನ್ನ ನಾಗು ಮಾಮ ಸ್ಟಿಯರಿಂಗ್ ಬಿಟ್ಟು ಇಳಿದವನೇ ಒಂದು ರಟ್ಟಿನ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು, 'ಅಕ್ಕಾ, ಸುಚಿತಾ ಕಳಿಸಿದ್ದು' ಎಂದ. ಚೌತಿ ಹತ್ತಿರ ಬಂತಲ್ಲ, ಮಗಳು ದೇವರಿಗೆ ದೀಪವನ್ನೋ ಬಟ್ಟಲನ್ನೋ ಕಳಿಸಿದ್ದಾಳೆ ಎಂದುಕೊಂಡ ನಿನ್ನ ಆಯಿ ಅದನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಕೈಮುಗಿದು, ಆಮೇಲೆ ಬಿಚ್ಚಿದಳು. ಒಳಗಿಂದ ವಿಸ್ಕಿ ಬಾಟಲಿ ಬಂತು. ಜೊತೆಗೆ ಅದರ ಪರ್ಮಿಟ್ ಚೀಟಿ. ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯ ಲಕ್ಕಿ, ಹಾವು ಹೊಕ್ಕಿತೆಂದು ಕೋಲು ಹಿಡಿದು ಓಡಿಬಂದಳು. ಬಾಟಲಿ ನೋಡಿ, 'ಎಂತ ಮಾರಾಯ್ತಿ, ಹಾವಾದ್ರೆ ಹೊಡೀಲಾಗಿತ್ತು' ಎಂದು ಕೋಲನ್ನು ಮೂಲೆಗಿಟ್ಟು ಹೋದಳು.

ನಿನ್ನ ಫೋನನ್ನು ನಾನು ಎತ್ತದೆ ಇರುವುದಕ್ಕೆ ಕಾರಣ ನಿನಗೆ ಗೊತ್ತಿದೆ. ಆದರೂ ಬರೆದಿಡುತ್ತೇನೆ, ಬಾಯಿ ಲೆಕ್ಕ ನನಗೆ ಆಗುವುದಿಲ್ಲ. ಭಟ್ಕಳ ಬಂದರದಲ್ಲಿ ಹರಾಜು ನಡೆದಿತ್ತು. ಬಂಗಡೆ ಬುಟ್ಟಿಗೆ ನಾನು ಬಗ್ಗಿದ್ದೆ. ಐಸ್ ಫ್ಯಾಕ್ಟರಿಯ ಸಾಹೇಬರು ಎಲ್ಲರೆದುರು ಕೇಳಿದರು, 'ಮಾಬ್ಲಣ್ಣ, ಮಗಳಿಗೆ ದಾರು ಮೂಸುವ ಕೆಲಸವಂತೆ, ಹೌದಾ? ಸಂಬಳ ಕೊಡ್ತಾರಾ, ಅಥವಾ ಮೂಸಿದ್ದೇ ಸಂಬಳವಾ?' ಇಡೀ ಬಂದರ ನಕ್ಕಿತು. ನನ್ನ ಮಗಳು ಫೋಂಡಾದಲ್ಲಿ ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಾಳೆ ಎಂದು ಅದೇ ಬಂದರದಲ್ಲಿ ನಾನು ಒಂದು ವರ್ಷ ಹೇಳಿಕೊಂಡು ತಿರುಗಿದ್ದೆ. ಬಗ್ಗಿದವನಿಗೆ ಬೆನ್ನು ನೆಟ್ಟಗೆ ಮಾಡಲು ಆಗಲಿಲ್ಲ.

ತಲೆಯ ಮೇಲೆ ಬುಟ್ಟಿ ಹೊತ್ತು ಶುರು ಮಾಡಿದವನು ನಾನು. ಇವತ್ತಿನ ಎರಡು ಲಾರಿ, ಒಂದು ಗೋಡೌನು ಮೀನು ಮೂಸಿ ಕೊಳ್ಳುವ ಈ ಮೂಗಿನ ಮೇಲೆ ನಿಂತಿವೆ. ಆ ಮೂಗನ್ನು ಹುಟ್ಟಿನಿಂದ ಪಡೆದವಳು ಅದನ್ನು ಸೆರೆಯ ಲೋಟದಲ್ಲಿ ಅದ್ದಿದಳಲ್ಲ.

ಬಾಟಲಿಯನ್ನು ಆಯಿ ಮನೆಯೊಳಗೆ ಇಡಗೊಡಲಿಲ್ಲ. ಗೋಡೌನಿನ ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದೇನೆ. ಲಾರಿ ಮುಂದಿನ ಸಲ ಬಂದಾಗ ವಾಪಸು ತೆಗೆದುಕೊ.

ಮಾಬ್ಲ
(ನಿನ್ನ ಅಪ್ಪ)


ಫೋಂಡಾ
25 ಆಗಸ್ಟ್ 2025

ಅಪ್ಪಾ,

ಖಾಲಿ ಬಿಟ್ಟ ಜಾಗವನ್ನು ನೋಡಿದೆ. ನಾನು ಮಾತ್ರ ನಮಸ್ಕಾರವನ್ನು ಪೂರ್ತಿಯಾಗಿ ಬರೆಯುತ್ತೇನೆ. ನಿನಗೂ ಆಯಿಗೂ ನಮಸ್ಕಾರ. ಕುಂಕುಮದ ಸುದ್ದಿ ಓದಿ ನಗು ತಡೆಯಲಾಗಲಿಲ್ಲ, ಕ್ಷಮಿಸು.

ನನ್ನ ಕೆಲಸ ಕುಡಿಯುವುದಲ್ಲ. ಕಂಪನಿಗೆ ಬಂದ ಪೀಪಾಯಿಗಳಿಂದ ಚೂರು ಚೂರು ಮಾದರಿ ತೆಗೆದು ಕೊಡುತ್ತಾರೆ. ಯಾವುದು ಸರಿಯಾಗಿದೆ, ಯಾವುದು ಕೆಟ್ಟಿದೆ, ಯಾವುದನ್ನು ಯಾವುದಕ್ಕೆ ಬೆರೆಸಬಹುದು ಎಂದು ಮೂಸಿ ಹೇಳಬೇಕು. ಬಾಯಿಗೆ ಹಾಕಿದ್ದನ್ನು ಉಗುಳಲು ಪಕ್ಕದಲ್ಲೇ ಡಬ್ಬಿ ಇದೆ. ಇದನ್ನು ನಾನು ಕಲಿತದ್ದು ಇಲ್ಲಿ ಅಂತ ಇವರು ತಿಳಿದಿದ್ದಾರೆ. ನಾನು ಸಣ್ಣವಳಿದ್ದಾಗ ಬಂದರದಲ್ಲಿ ನನ್ನ ಕಣ್ಣಿಗೆ ನಿನ್ನ ಟವೆಲ್ಲು ಕಟ್ಟಿ, ಇವತ್ತಿನ ತಾರ್ಲೆ ಮೀನು ಯಾವುದು, ನಿನ್ನೆಯದು ಯಾವುದು ಎಂದು ಕೇಳುತ್ತಿದ್ದವರು ಯಾರು? ಸರಿ ಹೇಳಿದರೆ ಎಲ್ಲರಿಗೂ ಕೇಳುವ ಹಾಗೆ 'ನನ್ನ ಮಗಳು!' ಎಂದು ಕೂಗುತ್ತಿದ್ದವರು ಯಾರು?

ಕಳಿಸಿದ್ದು ದುಬಾರಿ ಮಾಲಲ್ಲ. ಸ್ಕಾಚಿನಲ್ಲೇ ಅಗ್ಗದ್ದು, ಸಿಂಗಲ್ ಗ್ರೇನ್ ಅನ್ನುತ್ತಾರೆ. ಮಾಲ್ಟ್ ಆದರೆ ಬಾರ್ಲಿಯೊಂದರಿಂದಲೇ ಮಾಡಿ, ತಾಮ್ರದ ಹಂಡೆಯಲ್ಲಿ ಕಂತು ಕಂತಾಗಿ ಇಳಿಸುತ್ತಾರೆ. ಇದು ಗೋಧಿಯದು. ಎತ್ತರದ ಕಂಬದಂಥ ಯಂತ್ರದಲ್ಲಿ ನಿಲ್ಲದೆ ಹರಿದು ಬರುತ್ತದೆ, ಅದಕ್ಕೇ ಅಗ್ಗ. ಸಿಂಗಲ್ ಅಂದರೆ ಒಂದೇ ಭಟ್ಟಿಯಲ್ಲಿ ಆದದ್ದು ಎಂದಷ್ಟೇ. ದೊಡ್ಡವರು ಇದನ್ನು ಬೆರಕೆಗೆ ಹಾಕುವ ಸಾಮಾನು ಅಂತ ಮೂಗು ಮುರಿಯುತ್ತಾರೆ, ಪೇಟೆಯ ಮಂದಿ ಅಗ್ಗದ ತಾರ್ಲೆಗೆ ಮೂಗು ಮುರಿಯುವ ಹಾಗೆ. 'ಇವತ್ತಿನ ತಾರ್ಲೆ ಎದುರು ಎರಡು ದಿನದ ದುಬಾರಿ ಇಸ್ವಾಣ ಎಂತಕ್ಕೆ' ಎಂದು ಅವರ ಬಾಯಿ ಮುಚ್ಚಿಸುವವನು ನೀನು. ಅದಕ್ಕೇ ನಿನಗೆ ಇದನ್ನು ಆರಿಸಿದೆ.

ಒಂದೇ ಒಂದು ಸಲ ನೋಡು. ಗಾಜಿನ ಲೋಟಕ್ಕೆ ಸ್ವಲ್ಪ ಹಾಕಿ, ಮೂಗನ್ನು ಪೂರ್ತಿ ಒಳಗೆ ತೂರಿಸದೆ, ಬಾಯಿ ಚೂರು ತೆರೆದು ಮೂಸು. ಆಮೇಲೆ ನಾಲ್ಕು ಹನಿ ನೀರು ಹಾಕಿ ಮತ್ತೆ ಮೂಸು. ಒಂದು ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿ ನುಂಗು. ಬಾಟಲಿ ಬಂದ ರಟ್ಟಿನ ಡಬ್ಬಿಯ ಮೇಲೆ ಬರೆದದ್ದನ್ನು ಓದಬೇಡ. ನಿನ್ನ ಮೂಗಿಗೆ ಏನು ಬಂತೋ ಅದನ್ನೇ ಬರೆ. ಅದರ ನಂತರವೂ ನನ್ನ ಕೆಲಸ ಕೆಟ್ಟದ್ದು ಅನ್ನಿಸಿದರೆ ನಾನು ರಾಜೀನಾಮೆ ಕೊಡುತ್ತೇನೆ. ಆಣೆ.

ನಿನ್ನ ಮೂಗಿನ ಮಗಳು,
ಸುಚಿತಾ


ಹೊನ್ನಾವರ
9 ಸೆಪ್ಟೆಂಬರ್ 2025

ಸುಚಿತಾ,

ರಾಜೀನಾಮೆಯ ಮಾತು ಓದಿ ಆಯಿ ನನ್ನನ್ನು ಬಿಟ್ಟೂ ಬಿಡದೆ ಕಾಡಿದ್ದಾಳೆ. 'ಹುಡುಗಿ ಆಣೆ ಹಾಕಿದ್ಲಲ್ಲಾ, ಒಂದ್ಸಲ ಮೂಸಿದ್ರೆ ನಿಮ್ಮ ಮೂಗು ಸವೆದು ಹೋಗ್ತದಾ?' ಎನ್ನುತ್ತಾಳೆ. ಬಾಟಲಿಯನ್ನು ಮನೆಯೊಳಗೆ ಬಿಟ್ಟುಕೊಳ್ಳದವಳು ಅವಳೇ, ಮೂಸು ಎನ್ನುವವಳೂ ಅವಳೇ. ವ್ಯಾಪಾರದಲ್ಲಿ ಇಂಥ ಗಿರಾಕಿಯನ್ನು ನಾನು ನೋಡಿಲ್ಲ.

ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಮಾಲಯ ಅಮಾಸೆಗೆ ಹಿರಿಯರಿಗೆ ಎಡೆ ಇಡುತ್ತೇವಲ್ಲ. ನಿನ್ನ ಅಜ್ಜನ ಎಲೆಗೆ ಪ್ರತಿ ವರ್ಷ ಸುಟ್ಟ ಬಂಗಡೆ, ಏಡಿ ಸಾರು, ಒಂದು ಲೋಟ ಸೆರೆ. ಅಜ್ಜ ಬದುಕಿದ್ದಾಗ ಬೇಲೆಕೇರಿ ಬಂದರದಲ್ಲಿ ಹಡಗಿನವರು ಕುಡಿಯುವುದನ್ನು ನೋಡಿ ಬಂದು, 'ಮಾಬ್ಲಾ, ಸಾಯೂದ್ರೊಳಗೆ ಒಂದು ಗುಟುಕು ವಿಲಾಯ್ತಿ ನೋಡ್ಬೇಕು ಮಗಾ' ಎನ್ನುತ್ತಿದ್ದ. ನೋಡದೆಯೇ ಹೋದ. ಈ ಸಲ ಅವನ ಎಲೆಯ ಮುಂದೆ ನಿನ್ನ ಬಾಟಲಿಯಿಂದ ಹಾಕುತ್ತೇನೆ. ಬಾಗಿಲು ಮುಚ್ಚಿ, ಹಿರಿಯರು ಉಂಡು ಎದ್ದ ಮೇಲೆ, ಪ್ರಸಾದವೆಂದು ಮನೆಯ ಗಂಡಸರು ಕುಡಿಯುತ್ತೇವೆ. ಎಡೆಗಿಟ್ಟದ್ದನ್ನು ಬೇಡವೆನ್ನಬಾರದು, ಚೆನ್ನಾಗಿಲ್ಲ ಎನ್ನಲೂಬಾರದು, ಅದು ನಮ್ಮ ಮನೆಯ ರೀತಿ. ಹೀಗೆ ಮಾಡಿದರೆ ನಾನು ಕುಡಿದ ಹಾಗೂ ಆಯಿತು, ಮಗಳ ಮುಂದೆ ಸೋಲದ ಹಾಗೂ ಆಯಿತು.

ವ್ಯಾಪಾರ ನಡೆದಿದೆ. ಈಚೆಗೆ ನಾನು ಮೀನಿನ ಕಣ್ಣು ನೋಡುತ್ತೇನೆ, ಕಿವಿರು ಎತ್ತುತ್ತೇನೆ, ಬೆರಳಿನಿಂದ ಒತ್ತುತ್ತೇನೆ. ಬಗ್ಗುವುದು ಕಡಿಮೆ ಮಾಡಿದ್ದೇನೆ, ವಯಸ್ಸಾಯಿತು. ಮೊನ್ನೆ ಆಯಿ ಒಲೆಯ ಮೇಲೆ ಹಾಲಿಟ್ಟು ನೋಡಿಕೊಳ್ಳಿ ಎಂದು ಹೋದಳು. ಹಾಲು ಹೊತ್ತಿ ಪಾತ್ರೆ ಕಪ್ಪಾಯಿತು. ನಾನು ಎದುರಿಗೇ ಕೂತು ಪೇಪರು ಓದುತ್ತಿದ್ದೆ. ಬೈಗಳು ಇನ್ನೂ ಮುಗಿದಿಲ್ಲ.

ಮಾಬ್ಲ


ಹೊನ್ನಾವರ
22 ಸೆಪ್ಟೆಂಬರ್ 2025

ಚಿ. ಸುಚಿತಾಳಿಗೆ,

ನಿನ್ನೆ ಎಡೆ ಆಯಿತು. ಏನೆಂದು ಬರೆಯಲಿ, ನಾನು ದಂಗಾಗಿ ಹೋಗಿದ್ದೇನೆ.

ಬೆಳಿಗ್ಗೆ ಗೋಡೌನಿನಿಂದ ತೆಗೆದು ಬಾಟಲಿಯನ್ನು ನಾಗುವಿನ ಲಾರಿಯಲ್ಲಿ ಇಡಿಸಿದ್ದೆ, ಮನೆಯೊಳಗೆ ಎಡೆಯ ಹೊತ್ತಿಗೆ ಮಾತ್ರ ಬರಬೇಕೆಂದು ಆಯಿಯ ಷರತ್ತು. ಮಧ್ಯಾಹ್ನ ಅಜ್ಜನ ಎಲೆಗೆ ಬಡಿಸಿ ಲೋಟ ತುಂಬಿಸಿ ಬಾಗಿಲು ಮುಚ್ಚಿದೆವು. ತೆರೆದ ಮೇಲೆ ನಾನು, ನಿನ್ನ ಚಿಕ್ಕಪ್ಪ ವಿಶಾಲ, ನಾಗು ಕುಳಿತೆವು. ನೀನು ಹೇಳಿದ ಹಾಗೆ ಲೋಟವನ್ನು ಓರೆ ಹಿಡಿದೆ. ಮೊದಲು ವೆನಿಲ್ಲಾ ಬಂತು. ಅದರ ಹಿಂದೆ ಸುಟ್ಟ ಸಕ್ಕರೆ. ಹಣ್ಣಾದ ಬಾಳೆಹಣ್ಣು. ಆಮೇಲೆ ತೆಂಗಿನಕಾಯಿ, ಬೆಣ್ಣೆ ಬಿಸ್ಕತ್ತು. ನುಂಗಿದ ಮೇಲೆ ಓಕ್ ಮರದ ಒಂದು ನಯವಾದ ಕೊನೆ, ಉದ್ದಕ್ಕೆ ಎಳೆದ ಹಾಗೆ. 'ಆಹಾ' ಎಂದೆ. ಎರಡನೆಯ ಸಲವೂ ಹಾಕಿಸಿಕೊಂಡೆ.

ನಿನ್ನ ಚಿಕ್ಕಪ್ಪ ಒಂದೇ ಗುಟುಕಿಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ನಾಗುವಿನ ಕಣ್ಣಲ್ಲಿ ನೀರು ಬಂತು. 'ಎಂತದೋ, ಹೇಂಗದೆ?' ಎಂದು ಕೇಳಿದರೆ ಇಬ್ಬರೂ ಎಲೆ ನೋಡಿದರು. ಪ್ಯಾಕೆಟಿನ ನೈಂಟಿ ಕುಡಿದು ಬೆಳೆದ ನಾಲಿಗೆಗೆ ಸ್ಕಾಚು ಎಲ್ಲಿ ತಿಳಿಯಬೇಕು.

ನೀನು ಗೆದ್ದೆ. ಆ ಕೆಲಸ ಬಿಡಬೇಡ. ಭಟ್ಕಳದ ಸಾಹೇಬರಿಗೆ ನಾನೇ ಹೇಳುತ್ತೇನೆ, ಹೌದು ಸ್ವಾಮಿ, ನನ್ನ ಮಗಳು ಮೂಸುತ್ತಾಳೆ, ನಿಮ್ಮ ಕೈಲಿ ಆಗುವುದಾದರೆ ಮೂಸಿ ನೋಡಿ ಎಂದು. ಖಾಲಿ ಬಿಟ್ಟ ಜಾಗ ಇನ್ನು ಖಾಲಿ ಇಲ್ಲ.

ಆಶೀರ್ವಾದಗಳೊಂದಿಗೆ,
ಅಪ್ಪ


ಮಾವಿನಕುರ್ವೆ
26 ಸೆಪ್ಟೆಂಬರ್ 2025

ಸುಚಿತಾ ಮಗಾ,

ನಿನ್ನ ಆಯಿ ಮಾಸ್ತಮ್ಮ ಬರೆಯುವುದು. ಶಾಲೆ ಬಿಟ್ಟ ಮೇಲೆ ಇಷ್ಟು ದೊಡ್ಡ ಕಾಗದ ಬರೆದಿಲ್ಲ, ತಪ್ಪಿದ್ದರೆ ತಿದ್ದಿಕೊ. ಫೋನಿನಲ್ಲಿ ಹೇಳಿದರೆ ಅಪ್ಪನಿಗೆ ಕೇಳುತ್ತದೆ.

ಎಡೆಯ ದಿನ ಲೋಟಕ್ಕೆ ಹಾಕಿದ ಕೂಡಲೆ ನನಗೆ ಅಡುಗೆಮನೆಯವರೆಗೆ ಡೀಸೆಲ್ ನಾತ ಬಡಿಯಿತು. ವಿಲಾಯಿತಿ ಮಾಲು ಹೀಗೇ ಇರುತ್ತದೋ ಏನೋ ಎಂದು ಸುಮ್ಮನಾದೆ. ಕಾಗೆಗೆಂದು ಹೊರಗಿಟ್ಟ ಎಲೆಯ ಹತ್ತಿರ ಒಂದು ಕಾಗೆ ಬಂತು, ಕತ್ತು ತಿರುಗಿಸಿತು, ಹಾರಿಹೋಯಿತು. ನನ್ನ ಜೀವ ಹಾರಿತು. ಮರುದಿನ ನಾಗುವನ್ನು ಹಿಡಿದುಕೊಂಡೆ.

'ಅಕ್ಕಾ, ತಪ್ಪಾತು' ಎಂದ.

'ಎಂತ ತಪ್ಪಾತು?'

'ಬಾಟ್ಲಿ ಲಾರಿಯಲ್ಲೇ ಖಾಲಿ ಆತು. ಒಂದ್ ಗುಟುಕು ಅಂತ ಶುರು ಮಾಡಿದ್ದು. ಕುಮಟೆಯ ಇಬ್ರು ಡ್ರೈವರ್ರು ಇದ್ರು, ಅವ್ರೂ ಒಂದೊಂದು ಗುಟುಕು ಅಂದ್ರು.'

'ಮತ್ತೆ ಎಡೆಗೆ ಹಾಕಿದ್ದು ಎಂತದು?'

'ನೈಂಟಿ ಪ್ಯಾಕೆಟು ತಂದು ತುಂಬಿಸ್ದೆ. ಬಾಟ್ಲಿ ಬಾಯಿ ಸಣ್ಣದಲ್ದಾ? ಲಾರಿಗೆ ಡೀಸೆಲ್ ಹಾಕೂ ಲಾಳಿಕೆ ಇತ್ತು...'

ನಾನು ಪೊರಕೆ ತೆಗೆದುಕೊಂಡೆ. 'ನಾನೂ ಕುಡ್ದೆ ಅಕ್ಕಾ, ಎಡೆಗಿಟ್ಟದ್ದು ಬೇಡ ಅನ್ಲಿಕ್ಕಾಗ್ತದಾ?' ಎಂದು ಅಳುತ್ತ ಓಡಿದ. ಮಾವನವರು ಆಸೆಪಟ್ಟು ಸತ್ತದ್ದಕ್ಕೆ ಸಿಕ್ಕಿದ್ದು ಡೀಸೆಲು.

ಆದರೆ ನಿನಗೆ ಹೇಳಬೇಕಾದದ್ದು ಬೇರೆ. ಚಿಕ್ಕಪ್ಪನಿಗೆ ಒಂದು ಗುಟುಕು ಇಳಿಯಲಿಲ್ಲ. ನಿನ್ನ ಅಪ್ಪ ಎರಡು ಲೋಟ ಕುಡಿದರು. ಕುಡಿದು ಆಹಾ ಎಂದರು, ತೆಂಗಿನಕಾಯಿ ಎಂದರು, ಬಾಳೆಹಣ್ಣು ಎಂದರು. ಸಂಜೆಯೆಲ್ಲ ಹೊಟ್ಟೆ ಹಿಡಿದುಕೊಂಡು ಮಲಗಿದರು, ಆದರೂ ಒಂದು ಮಾತು ಆಡಲಿಲ್ಲ. ಎಂಥ ಮೂಗಿನ ಮನುಷ್ಯ ಅವರು! ನೀನು ಕಳಿಸಿದ್ದು ಎಂಬ ಒಂದೇ ಕಾರಣಕ್ಕೆ, ನಾಲ್ಕು ಮಂದಿಯ ಮುಂದೆ ನಿನ್ನ ಮಾನ ಹೋಗಬಾರದೆಂದು, ಡೀಸೆಲ್ ಕುಡಿದರಲ್ಲ. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಅಪ್ಪನ ಮೇಲೆ ಇನ್ನು ಸಿಟ್ಟು ಇಟ್ಟುಕೊಳ್ಳಬೇಡ.

ನಾಗುವಿನ ಕತೆ ಅವರಿಗೆ ಗೊತ್ತಿಲ್ಲ. ಹೇಳಬೇಡ. ಕೊಂದುಬಿಟ್ಟಾರು.

ಆಯಿ


ಫೋಂಡಾ
4 ಅಕ್ಟೋಬರ್ 2025

ಅಪ್ಪಾ,

ಆಯಿ ಹೇಳಬೇಡ ಎಂದ ಮಾತೊಂದನ್ನು ಈ ಕಾಗದದಲ್ಲಿ ಹೇಳುತ್ತಿದ್ದೇನೆ. ಒಬ್ಬನೇ ಇರುವಾಗ ಓದು.

ನೀನು ಎಡೆಯ ದಿನ ಕುಡಿದದ್ದು ನಾನು ಕಳಿಸಿದ ವಿಸ್ಕಿಯಲ್ಲ. ಅದನ್ನು ನಾಗು ಮಾಮ ಮತ್ತು ಅವನ ಗೆಳೆಯರು ಲಾರಿಯಲ್ಲಿ ಮುಗಿಸಿದ್ದರು. ಬಾಟಲಿಯಲ್ಲಿ ಇದ್ದದ್ದು ಪ್ಯಾಕೆಟಿನ ಕಾಕಂಬಿ ಸೆರೆ, ಡೀಸೆಲ್ ಲಾಳಿಕೆಯಲ್ಲಿ ಹೊಯ್ದದ್ದು. ಅಡುಗೆಮನೆಯಲ್ಲಿದ್ದ ಆಯಿಗೂ ಅದರ ನಾತ ಬಡಿದಿತ್ತು. ಹಾರುವ ಕಾಗೆಗೂ ಬಡಿದಿತ್ತು.

ನಿನ್ನ ಕಾಗದ ಬಂದಾಗ ನಾನು ಸಂತೋಷಕ್ಕೆ ಅತ್ತೆ. ಆಯಿಯ ಕಾಗದ ಬಂದಾಗ, ನನ್ನ ಅಪ್ಪ ನನಗಾಗಿ ಅದನ್ನೂ ನುಂಗಿದನಲ್ಲ ಎಂದು ಮತ್ತೆ ಅತ್ತೆ. ಮಾರನೆಯ ದಿನ ಕೆಲಸಕ್ಕೆ ಹೋದೆ. ಅದೇ ವಿಸ್ಕಿಯ ಡಬ್ಬಿ ಮೇಜಿನ ಮೇಲಿತ್ತು. ಹಿಂಬದಿ ತಿರುಗಿಸಿ ಓದಿದೆ. ವೆನಿಲ್ಲಾ, ಸುಟ್ಟ ಸಕ್ಕರೆ, ಹಣ್ಣಾದ ಬಾಳೆ, ತೆಂಗಿನಕಾಯಿ, ಬೆಣ್ಣೆ ಬಿಸ್ಕತ್ತು, ನಯವಾದ ಓಕ್. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ, ಸಾಲೂ ಅದೇ. ನಿನ್ನ ಕಾಗದಗಳನ್ನೆಲ್ಲ ತೆಗೆದು ಮೊದಲಿನಿಂದ ಓದಿದೆ.

ನನ್ನ ಮಾನಕ್ಕಾಗಿ ಕುಡಿದವನಾದರೆ ನೀನು ಒಂದು ಗುಟುಕಿಗೆ ನಿಲ್ಲಿಸಿ, 'ಒಳ್ಳೆದದೆ' ಎಂದು ಎದ್ದುಬಿಡುತ್ತಿದ್ದೆ. ಎರಡನೆಯ ಲೋಟ ಕೇಳುತ್ತಿರಲಿಲ್ಲ. ಡೀಸೆಲ್ ಮುಟ್ಟಿದ ಕೈ ಐಸಿನ ಪೆಟ್ಟಿಗೆ ಮುಟ್ಟಿದರೆ ಇಡೀ ಲೋಡು ವಾಪಸು ಕಳಿಸುವ ಮನುಷ್ಯ ನೀನು. ಎದುರಿಗೇ ಹಾಲು ಹೊತ್ತಿ ಪಾತ್ರೆ ಕಪ್ಪಾಗುವವರೆಗೆ ಪೇಪರು ಓದುವವನಲ್ಲ. ಬುಟ್ಟಿಗೆ ಬಗ್ಗುವುದನ್ನು ಬಿಡುವವನಂತೂ ಅಲ್ಲವೇ ಅಲ್ಲ.

ಅಪ್ಪಾ, ಯಾವಾಗಿಂದ?

ಈಗ ನಮ್ಮ ಮೀನನ್ನು ಯಾರು ಮೂಸುತ್ತಿದ್ದಾರೆ?

ಸುಚಿತಾ


ಹೊನ್ನಾವರ
23 ಅಕ್ಟೋಬರ್ 2025

ಮಗಾ ಸುಚಿತಾ,

ನಿನ್ನ ಕಾಗದವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ದೀಪಾವಳಿ ಕಳೆದೆ. ಓದಿದ ದಿನ ಗೋಡೌನಿನ ಬಾಗಿಲು ಹಾಕಿಕೊಂಡು ಕೂತವನು ಎದ್ದದ್ದು ಆಯಿ ಬಂದು ಬಡಿದ ಮೇಲೆ. ಡೀಸೆಲ್ ಕುಡಿದೆನಲ್ಲ ಎಂದು ಒಂದು ಆಘಾತ. ಅದು ತಿಳಿಯಲೇ ಇಲ್ಲವಲ್ಲ ಎಂದು ಅದಕ್ಕಿಂತ ದೊಡ್ಡದು. ಹೊಟ್ಟೆನೋವನ್ನು ಏಡಿ ಸಾರಿನ ಲೆಕ್ಕಕ್ಕೆ ಬರೆದುಕೊಂಡಿದ್ದೆ.

ಮಳೆಗಾಲದಲ್ಲಿ ನನಗೆ ಜ್ವರ ಬಂದಿತ್ತಲ್ಲ, ಬೋಟುಗಳೆಲ್ಲ ದಡಕ್ಕೆ ಕಟ್ಟಿದ್ದ ಹೊತ್ತು. ಜ್ವರ ಹೋಯಿತು, ಹೋಗುವಾಗ ನನ್ನ ಮೂಗನ್ನೂ ತೆಗೆದುಕೊಂಡು ಹೋಯಿತು. ನೆಗಡಿ ಎಂದುಕೊಂಡೆ. ಆಗಸ್ಟಿನಲ್ಲಿ ಮೀನುಗಾರಿಕೆ ಶುರುವಾಗಿ ಬಂದರಕ್ಕೆ ಕಾಲಿಟ್ಟರೆ, ಬಂದರಕ್ಕೆ ವಾಸನೆಯೇ ಇಲ್ಲ! ನೀನು ಊಹಿಸಿ ನೋಡು. ಕೂಗು ಇದೆ, ಐಸು ಇದೆ, ರಾಶಿ ರಾಶಿ ಮೀನಿದೆ, ಟಿವಿಯಲ್ಲಿ ನೋಡಿದ ಹಾಗೆ.

ಅವತ್ತಿನಿಂದ ಮುಖ ನೋಡಿ ಮೀನು ಕೊಂಡಿದ್ದೇನೆ. ನಾನು ಬುಟ್ಟಿಯ ಹತ್ತಿರ ನಿಲ್ಲುವುದು, ಪಕ್ಕದವರು ಬಗ್ಗಿದಾಗ ಅವರ ಹುಬ್ಬು ಹೇಗಾಗುತ್ತದೆ ನೋಡುವುದು, ಆಮೇಲೆ ಕೂಗುವುದು. ಒಮ್ಮೆ ತಪ್ಪಿತು, ಕುಮಟೆಗೆ ಕಳಿಸಿದ ಸೀಗಡಿ ಪೂರ್ತಿ ವಾಪಸು ಬಂತು. ಐಸು ಕಡಿಮೆಯಾಯಿತೆಂದು ನಾಗುವಿನ ತಲೆಗೆ ಕಟ್ಟಿದೆ. ಆ ಬೈಗಳಿಗೂ ಈ ಲಾಳಿಕೆಗೂ ವಜಾ ಹಾಕಿಕೊಂಡಿದ್ದೇನೆ. ಅವನಿಗೆ ಏನೂ ಹೇಳಿಲ್ಲ.

ನೀನು ದಾರು ಮೂಸುವ ಸುದ್ದಿ ಸಾಹೇಬರು ಎತ್ತಿದ್ದು ಅದೇ ದಿನಗಳಲ್ಲಿ. ನನ್ನದು ಹೋಗಿದೆ, ನಿನ್ನದು ಇದೆ, ಅದನ್ನೇ ನೀನು ತೊಳೆದು ಬಿಸಾಡುತ್ತಿದ್ದೀಯೆ ಎನ್ನಿಸಿತು. ಫೋನು ಎತ್ತಲು ಆಗಲಿಲ್ಲ.

ಎಡೆಯ ದಿನ ಬೆಳಿಗ್ಗೆ ಗೋಡೌನಿನಲ್ಲಿ ಒಬ್ಬನೇ ಇದ್ದು ನಿನ್ನ ಬಾಟಲಿಯ ಸೀಲು ಒಡೆದೆ. ಆಗ ಅದು ನಿನ್ನ ನಿಜವಾದ ವಿಸ್ಕಿಯೇ. ನೀನು ಬರೆದ ಹಾಗೆ ಬಾಯಿ ತೆರೆದು ಮೂಸಿದೆ. ನೀರು ಹಾಕಿ ಮೂಸಿದೆ. ಗಂಟಲಲ್ಲಿ ಬಿಸಿಯಾಯಿತು, ನಾಲಿಗೆಗೆ ಚೂರು ಸಿಹಿ ಹತ್ತಿತು, ಅಷ್ಟೇ. ಮಗಳು ಆಣೆ ಹಾಕಿ ಕೂತಿದ್ದಾಳೆ, ಏನಾದರೂ ಬರೆಯಬೇಕಲ್ಲ. ಡಬ್ಬಿ ತಿರುಗಿಸಿ ಓದಿದೆ. ಬಾಯಿಪಾಠ ಮಾಡಿಕೊಂಡೇ ಎಡೆಗೆ ಕೂತೆ. ಮುಖ ನೋಡಿ ಮೀನು ಕೊಳ್ಳುವವನು ಆ ದಿನ ನಾಗುವಿನ ಮುಖ ನೋಡಿ ತಪ್ಪು ಹರಾಜು ಕೂಗಿದೆ.

ನಿನ್ನೆ ಆಯಿಗೆ ಎಲ್ಲ ಹೇಳಿದೆ. ಅವಳು ಒಳಗೆ ಹೋದಳು. ಹೊರಗೆ ಬಂದು, 'ಅಂದ್ರೆ ಎರಡನೇ ಲೋಟ ಸುಚಿತಂಗಾಗಿ ಅಲ್ಲಾ?' ಎಂದಳು. 'ಅಲ್ಲ' ಎಂದೆ. 'ನಾ ಸುಮ್ನೆ ಅತ್ನಾ ಹಂಗಾದ್ರೆ!' ಎಂದು ಈಗ ನಿಜಕ್ಕೂ ಅತ್ತಳು. ಇವತ್ತು ಬೆಳಿಗ್ಗೆ ಕುಮಟೆಯ ಡಾಕ್ಟರಲ್ಲಿಗೆ ಎಳೆದುಕೊಂಡು ಹೋಗಿದ್ದೂ ಅವಳೇ. ಬರಬಹುದು, ಬಾರದೆಯೂ ಇರಬಹುದು, ದಿನಾ ಮೂಸುತ್ತ ಇರಿ ಎಂದರು.

ಒಂದು ಕೇಳುತ್ತೇನೆ. ಡಬ್ಬಿಯ ಮೇಲಿನದನ್ನು ಯಾರೋ ಗುರುತಿಲ್ಲದವನು ಬರೆದದ್ದು. ಆ ವಿಸ್ಕಿ ಹೇಗಿರುತ್ತದೆ ಎಂದು ನೀನು ಬರೆ. ನನಗೆ ತಿಳಿಯುವ ಹಾಗೆ ಬರೆ.

ಅಪ್ಪ


ಫೋಂಡಾ
5 ನವೆಂಬರ್ 2025

ಅಪ್ಪಾ,

ಎರಡು ದಿನ ಮೂಸಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿಯವರಿಗೆ ಬರೆದುಕೊಡುವ ವರದಿಗೂ ಇಷ್ಟು ಹೊತ್ತು ಮೂಸಿದ್ದಿಲ್ಲ.

ಮೊದಲು ಬರುವುದು, ಲಕ್ಕಿಯಕ್ಕನ ಅಂಗಳದಲ್ಲಿ ಕೊಬ್ಬರಿ ಒಣಗಲು ಹಾಕಿರುತ್ತಾರಲ್ಲ, ಹತ್ತು ಗಂಟೆಯ ಬಿಸಿಲಿಗೆ ಅದು ಎಣ್ಣೆ ಬಿಡಲು ಶುರು ಮಾಡುವ ಹೊತ್ತಿನ ವಾಸನೆ. ಸಂಜೆಯದಲ್ಲ, ಸಂಜೆ ಅದು ಕಮಟಾಗುತ್ತದೆ. ಲೋಟ ಸ್ವಲ್ಪ ಹೊತ್ತು ಬಿಟ್ಟರೆ, ಆಯಿ ಕಾಯಿಹಾಲಿಗೆ ಬೆಲ್ಲ ಹಾಕಿ ಒಲೆಯ ಮೇಲಿಟ್ಟು, ಕುದಿ ಬರುವ ಮುಂಚೆ ಸೌಟು ತಿರುಗಿಸುತ್ತಾಳಲ್ಲ, ಅದು. ನೀರಿನ ಹನಿ ಬಿದ್ದ ಮೇಲೆ, ಸಿಪ್ಪೆ ಕಪ್ಪಾಗಿ ಯಾರೂ ತಿನ್ನದೆ ಬಿಟ್ಟ ಬಾಳೆಹಣ್ಣು, ನೀನು ಮಾತ್ರ ತಿನ್ನುವಂಥದ್ದು. ನುಂಗಿದ ಮೇಲೆ ಹಿಂದೆ ಉಳಿಯುವುದು ಹೊಸ ಮರ. ನಮ್ಮೂರ ಪಕ್ಕದ ಕಾಸರಕೋಡಿನಲ್ಲಿ ದೋಣಿ ಕಟ್ಟುವವರು ಹಲಗೆಗೆ ಉಳಿ ಹಾಕಿದಾಗ ಸುರುಳಿ ಸುರುಳಿ ಚಕ್ಕೆ ಬೀಳುತ್ತದಲ್ಲ, ಅದನ್ನು ಕೈಯಲ್ಲಿ ಹಿಸುಕಿದ ಹಾಗೆ. ಹೊಗೆ ಇಲ್ಲ, ಖಾರ ಇಲ್ಲ. ಜಗಳ ಮಾಡದ ಮನುಷ್ಯನಂಥ ವಿಸ್ಕಿ. ನಮ್ಮ ಮನೆಗೆ ಹೊಂದುವುದು ಕಷ್ಟ.

ದಿನಾ ಬೆಳಿಗ್ಗೆ ಸಂಜೆ ಲವಂಗ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆ, ಗುಲಾಬಿ ಒಂದೊಂದಾಗಿ ಮೂಸು. ಬಾರದಿದ್ದರೂ ಮೂಸು, ಅದು ಹೇಗಿತ್ತೆಂದು ನೆನೆಯುತ್ತ ಮೂಸು. ಇಲ್ಲಿ ನೆಗಡಿ ಕೆಟ್ಟು ಮೂಗು ಹೋದವರಿಗೆ ಇದನ್ನೇ ಮಾಡಿಸುತ್ತಾರೆ. ನಾಗು ಮಾಮನ ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲಬೇಡ. ಅದನ್ನೂ ಸಾಲಿನ ಕೊನೆಗಿಡು. ಕುಡಿಯಬೇಡ.

ಮೀನು ಮಾತ್ರ ಆಯಿ ಮೂಸಲಿ.

ಸುಚಿತಾ


ಮಾವಿನಕುರ್ವೆ, ಹೊನ್ನಾವರ
19 ಜನವರಿ 2026

ಚಿ. ಸುಚಿತಾಳಿಗೆ ಅಪ್ಪನ ತುಂಬು ಆಶೀರ್ವಾದಗಳು.

ಮೊದಲು ವ್ಯಾಪಾರದ ಸುದ್ದಿ. ನಿನ್ನ ಆಯಿ ಈಗ ನನ್ನ ಜೊತೆ ಬಂದರಕ್ಕೆ ಬರುತ್ತಾಳೆ. ಮದುವೆಗೆ ಮುಂಚೆ ಕುಮಟೆಯ ಮನೆ ಮನೆಗೆ ಮೀನು ಹೊತ್ತವಳು, ಮರೆತಿಲ್ಲ. ಮಾಲು ಸರಿ ಇದ್ದರೆ ಸುಮ್ಮನಿರುತ್ತಾಳೆ, ಕೆಟ್ಟಿದ್ದರೆ ಕೆಮ್ಮುತ್ತಾಳೆ. ಹೀಗೆಂದು ನಮ್ಮ ಕರಾರು. ಕಳೆದ ವಾರ ಅವಳಿಗೆ ನಿಜವಾದ ಕೆಮ್ಮು ಬಂದು ಮೊದಲ ದರ್ಜೆಯ ಬಂಗಡೆಯನ್ನು ಸಾಹೇಬರಿಗೆ ಬಿಟ್ಟುಕೊಟ್ಟೆ. 'ಎಂತ ಮಾಬ್ಲಣ್ಣ, ಮನೆಯವರನ್ನು ಕರಕೊಂಡು ಬರ್ತೀರಿ?' ಎಂದು ಅವರು ಕೇಳಿದರು. 'ನಮ್ಮ ಮನೆಯಲ್ಲಿ ಮೂಸುವ ಕೆಲಸ ಹೆಂಗಸರದ್ದು ಸಾಹೇಬರೇ, ದೊಡ್ಡವಳಿಗೆ ಸಂಬಳ ಇಲ್ಲ, ಸಣ್ಣವಳಿಗೆ ಉಂಟು' ಎಂದೆ. ಈ ಸಲ ಬಂದರ ನಕ್ಕಾಗ ನಾನೂ ನಕ್ಕೆ.

ನಿನ್ನ ಕಾಗದದ ಮಡಿಕೆ ಹರಿಯಲು ಬಂದಿದೆ. ಲವಂಗ ಮೂಸಿ, ನಿಂಬೆಸಿಪ್ಪೆ ಮೂಸಿ, ಎಣ್ಣೆ ಮೂಸಿ, ಲಕ್ಕಿಯ ಗಿಡದ ಗುಲಾಬಿ ಮೂಸಿ, ಕೊನೆಗೆ ನಾಗುವಿನ ಬಾಟಲಿ. ಎಲ್ಲವೂ ನೀರು ಮೂಸಿದ ಹಾಗೆ. ಆಮೇಲೆ ನಿನ್ನ ಕಾಗದ ತೆಗೆದು ಕೊಬ್ಬರಿಯ ಸಾಲು ಓದುವುದು. ಬಿಟ್ಟುಬಿಡೋಣವೆಂದು ಎಷ್ಟೋ ಸಲ ಅನ್ನಿಸಿತು. ಆಯಿ ಬಿಡಲಿಲ್ಲ.

ಇವತ್ತು ಬೆಳಿಗ್ಗೆ ಅದೇ ಸಾಲಿನಲ್ಲಿ ನಾಲ್ಕು ಮುಗಿಸಿ, ನಾಗುವಿನ ಬಾಟಲಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಮಗಾ, ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು! ಬಾಟಲಿ ಕೈಯಿಂದ ಜಾರಿ ಮಡಿಲಿಗೆ ಬಿತ್ತು. ಪಂಚೆಯೆಲ್ಲ ಡೀಸೆಲ್. ನಿಜವಾದ, ಕಮಟು, ಲಾರಿಯ ಟ್ಯಾಂಕಿಗೆ ತಲೆ ಹಾಕಿದಂಥ ಡೀಸೆಲ್ ನಾತ.

'ಥೂ!' ಎಂದು ಕೂಗಿದೆ.

ಆಯಿ ಓಡಿಬಂದಳು. 'ಎಂತಾತು?'

'ನಾತ! ಏ ಮಾಸ್ತಿ, ನಾತ ಹೊಡೀತದೆ! ಥೂ ಥೂ!'

ಅವಳು ಅಲ್ಲೇ ನೆಲಕ್ಕೆ ಕೂತು ಬಾಯಿಗೆ ಸೆರಗು ಒತ್ತಿಕೊಂಡಳು. ಕೂಗು ಕೇಳಿ ಲಕ್ಕಿ ಈ ಸಲವೂ ಕೋಲು ತಂದಳು. ನಾಗು ಲಾರಿ ತೊಳೆಯುತ್ತಿದ್ದವನು ಬಂದು ಬಾಗಿಲಲ್ಲಿ ನಿಂತ. ನನ್ನ ಪಂಚೆ ನೋಡಿದ, ಬಾಟಲಿ ನೋಡಿದ, ಅವನ ಮುಖದ ಬಣ್ಣ ಹೋಯಿತು. ನಾನು ಎದ್ದು ಅವನ ಎರಡೂ ಭುಜ ಹಿಡಿದು ಅಲುಗಿಸಿದೆ.

'ಇದನ್ನೇನೋ ನಾಗೂ, ಇದನ್ನೇನೋ ನಂಗೆ ಎರಡು ಲೋಟ ಕುಡಿಸಿದ್ದು? ನನ್ನ ಅಪ್ಪನ ಎಲೆಗೆ ಇಟ್ಟದ್ದು?'

'ಭಾವ, ಕಾಲು ಹಿಡ್ಕಂತೆ, ಹೊಡೀಬೇಡಿ' ಎಂದ.

ಹೊಡೆಯಲಿಲ್ಲ. ತಬ್ಬಿಕೊಂಡೆ. ಅವನಿಗೆ ಅದರಿಂದ ಇನ್ನೂ ಹೆದರಿಕೆಯಾಯಿತು.

ಆಮೇಲೆ ಬಂದರಕ್ಕೆ ಓಡಿದೆ. ಬುಟ್ಟಿಗಳಿಗೆ ಬಗ್ಗಿದೆ. ಮೀನು ಇನ್ನೂ ಬಂದಿಲ್ಲ, ಸುಚಿತಾ. ಗುಲಾಬಿಯೂ ಇಲ್ಲ, ಲವಂಗವೂ ಇಲ್ಲ. ಡೀಸೆಲ್ ಒಂದೇ ಬಂದಿದೆ. ಡಾಕ್ಟರಿಗೆ ಫೋನು ಮಾಡಿದರೆ, ಒಂದು ಬಂದರೆ ಉಳಿದದ್ದೂ ಬರಬಹುದು ಎಂದರು. ಬಾರದಿದ್ದರೆ ಆಯಿಯ ಕೆಮ್ಮು ಇದ್ದೇ ಇದೆ.

ಅಜ್ಜನಿಗೆ ಒಂದು ಒಳ್ಳೆ ಬಾಟಲಿ ಕೊಡುವುದು ಬಾಕಿ ಉಳಿದಿದೆ. ಮುಂದಿನ ಮಾಲಯ ಅಮಾಸೆಗೆ ನೀನೇ ಕೈಯಲ್ಲಿ ಹಿಡಿದುಕೊಂಡು ಬಾ. ಅದೇ ಅಗ್ಗದ್ದು ಸಾಕು. ಎಲೆಯ ಮುಂದೆ ಹಾಕುವ ಮುಂಚೆ ಮೊದಲು ನೀನು ಮೂಸು, ಆಮೇಲೆ ನಾನು ಮೂಸುತ್ತೇನೆ, ಕಣ್ಣಿಗೆ ಟವೆಲ್ಲು ನೀನು ಕಟ್ಟು. ಈ ಸಲ ಡಬ್ಬಿಯನ್ನು ಮೊದಲೇ ಹರಿದು ಒಲೆಗೆ ಹಾಕಿಬಿಡೋಣ.

ಇದನ್ನು ಬರೆಯುವಾಗಲೂ ಪಂಚೆ ಬದಲಿಸಿಲ್ಲ. ಆಯಿ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತು, ಬಿಚ್ಚಿ ಕೊಡಿ, ಒಗೆಯುತ್ತೇನೆ ಎಂದು ಜಗಳವಾಡುತ್ತಿದ್ದಾಳೆ. ಸ್ವಲ್ಪ ಹೊತ್ತು ಇರಲಿ ಎಂದಿದ್ದೇನೆ.

ನಿನ್ನ
ಅಪ್ಪ